ಕೆನೆ ಬಣ್ಣದ ಚರ್ಮದ ಸೀಟಿಗೆ ಕಲರ್‌ಲಾಕ್: ಕ್ಲೀನರ್‌ಗೆ ಪೂರ್ತಿ ಅಂಕ, ಕ್ರೀಮಿಗೆ ಅದರದೇ ಜಾಗ

ಕಾರಿನ ಚರ್ಮದ ಸೀಟಿನ ಮಾತು ಬಂದರೆ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಕಂಡೀಷನರ್, ಅಂದರೆ ಚರ್ಮಕ್ಕೆ ಹಚ್ಚುವ ಆರೈಕೆಯ ಕ್ರೀಮು, ಯಾವುದು ಒಳ್ಳೆಯದು? ಕ್ಲೀನರ್ ಬಗ್ಗೆ ಕೇಳುವವರು ಕಡಿಮೆ. ಜರ್ಮನಿಯ ಕಲರ್‌ಲಾಕ್‌ನವರ ಮೈಲ್ಡ್ ಲೆದರ್ ಕ್ಲೀನರ್, ಅವರದೇ ಬ್ರಷ್, ಕೊನೆಗೆ ಹಚ್ಚುವ ಲೆದರ್ ಪ್ರೊಟೆಕ್ಟರ್ ಎಂಬ ಕ್ರೀಮು, ಈ ಮೂರನ್ನೂ ನನ್ನ ಕಾರಿನ ಸೀಟುಗಳ ಮೇಲೆ ಬಹಳ ಕಾಲದಿಂದ ಬಳಸುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಕುವ ದುಡ್ಡು, ಪಡುವ ಶ್ರಮ ಎರಡರಲ್ಲೂ ಮುಕ್ಕಾಲು ಪಾಲು ಕ್ಲೀನರ್ ಮತ್ತು ಬ್ರಷ್ಷಿಗೆ ಹೋಗಬೇಕು. ಕ್ರೀಮಿಗೆ ಉಳಿದ ಕಾಲು ಭಾಗ ಸಾಕು. ಅಂಗಡಿಯ ಕಪಾಟು ಹೇಳುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಸಾಲುಸಾಲಾಗಿ ಕಾಣುವುದು ಕ್ರೀಮು, ಎಣ್ಣೆ, ಬಾಮುಗಳೇ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಸೀಟು ಕೆನೆ ಬಣ್ಣದ್ದು. ತಯಾರಾಗಿ ಮೂರು ವರ್ಷ ದಾಟಿ ಬಹಳ ಕಾಲವಾಗಿದೆ, ಇದನ್ನು ಯಾಕೆ ಹೇಳಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಹಿಂದಿನ ಸೀಟು ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು. ಡ್ರೈವರ್ ಸೀಟು ಮಾತ್ರ ಬೇರೆ ಕಾರಿನಿಂದ ಬಿಚ್ಚಿ ತಂದು ಕೂರಿಸಿದಂತೆ ಕಾಣುತ್ತಿತ್ತು. ಬಾಗಿಲ ಕಡೆಯ ಉಬ್ಬು ಬೂದು ಬಣ್ಣಕ್ಕೆ ತಿರುಗಿತ್ತು. ಕೂರುವ ಜಾಗದಲ್ಲಿ ತೆಳುವಾದ ನೀಲಿ ಛಾಯೆ, ಹೆಡ್‌ರೆಸ್ಟಿನ ನಡುವೆ ತಲೆಯ ಜಿಡ್ಡಿನ ಗುರುತು. ಜೊತೆಗೆ ಇಡೀ ಸೀಟಿಗೆ ಒಂದು ನುಣುಪಾದ ಹೊಳಪು. ನೋಡಿದವರೆಲ್ಲ "ಎಷ್ಟು ಪಳಪಳ ಅಂತಿದೆ, ಚೆನ್ನಾಗಿ ಇಟ್ಟಿದ್ದೀರಿ" ಅನ್ನುತ್ತಿದ್ದರು. ಆ ಪಳಪಳವೇ ರೋಗದ ಲಕ್ಷಣ. ಕಾರಿನ ಹೊಸ ಚರ್ಮ ಹೊಳೆಯುವುದಿಲ್ಲ. ಶೋರೂಮಿನಲ್ಲಿ ನಿಂತ ಕಾರಿನ ಸೀಟನ್ನು ಒಮ್ಮೆ ಓರೆಯಾಗಿ ಬೆಳಕಿಗೆ ನೋಡಿ, ಮಂದವಾಗಿ, ರವೆರವೆಯಾದ ಮೇಲ್ಮೈಯೊಂದಿಗೆ ಕಾಣುತ್ತದೆ. ಹಳೆಯ ಸೀಟು ಹೊಳೆಯುತ್ತಿದೆ ಎಂದರೆ ಚರ್ಮದ ಗೆರೆಗಳ ನಡುವಿನ ಸಣ್ಣ ತಗ್ಗುಗಳಲ್ಲಿ ಮೈಯ ಜಿಡ್ಡು, ಬೆವರು, ದೂಳು, ಯಾರೋ ಹಿಂದೆ ಸವರಿದ ಪಾಲಿಶ್ ಎಲ್ಲ ತುಂಬಿ ಮಟ್ಟಸವಾಗಿದೆ ಎಂದೇ ಅರ್ಥ.

ಈ ಜಿಡ್ಡು ಬರೀ ಅಂದದ ಪ್ರಶ್ನೆಯಲ್ಲ. ಬೆವರಿನ ಉಪ್ಪು, ಮೈಯೆಣ್ಣೆ, ಕೈಗೆ ಹಚ್ಚಿದ ಕ್ರೀಮು, ಸನ್‌ಸ್ಕ್ರೀನು ದಿನವೂ ಮೇಲಿನ ಲೇಪದ ಮೇಲೆ ಕೂತು ಅದನ್ನು ಮೆತ್ತಗೆ ಮಾಡುತ್ತಾ ಹೋಗುತ್ತವೆ. ಆ ಜಿಡ್ಡಿಗೆ ಸಣ್ಣ ಮರಳಿನ ಕಣಗಳು ಅಂಟಿಕೊಳ್ಳುತ್ತವೆ. ಇಳಿಯುವಾಗ, ಹತ್ತುವಾಗ ತೊಡೆ ಆ ಕಣಗಳನ್ನು ಚರ್ಮದ ಮೇಲೆ ಉಜ್ಜುತ್ತದೆ. ಬಾಗಿಲ ಕಡೆಯ ಉಬ್ಬು ಎಲ್ಲಕ್ಕಿಂತ ಮೊದಲು ಬಣ್ಣ ಕಳೆದುಕೊಳ್ಳುವುದು ಇದಕ್ಕೇ. "ಚರ್ಮ ಒಣಗಿ ಬಿರಿಯಿತು" ಎಂದು ನಾವು ಸಾಮಾನ್ಯವಾಗಿ ಹೇಳುವ ಎಷ್ಟೋ ಬಿರುಕುಗಳು ಮೊದಲು ಹುಟ್ಟುವುದು ಮೇಲಿನ ಲೇಪದಲ್ಲಿ, ಕೊಳೆ ಮತ್ತು ಉಜ್ಜುವಿಕೆಯಿಂದ.

ಲೇಪ ಅಂದೆ. ಇಡೀ ವಿಷಯದ ಬೇರು ಅಲ್ಲಿದೆ.

ಈಗಿನ ಬಹುತೇಕ ಕಾರುಗಳ ಚರ್ಮ ಬರಿಮೈ ಚರ್ಮವಲ್ಲ. ಹಸುವಿನ ಚರ್ಮವನ್ನು ಕ್ರೋಮಿಯಂ ಲವಣಗಳಿಂದ ಹದ ಮಾಡುತ್ತಾರೆ, ಇಲ್ಲವೇ ಕ್ರೋಮ್ ಬೇಡ ಎಂದರೆ ಗ್ಲುಟರಾಲ್ಡಿಹೈಡ್‌ನಂಥ ರಾಸಾಯನಿಕದಿಂದ. ಆಮೇಲೆ ದೊಡ್ಡ ಪೀಪಾಯಿಗಳಲ್ಲಿ ತಿರುಗಿಸುತ್ತಾ ನಾರುಗಳ ಒಳಗೇ ಎಣ್ಣೆ ಇಳಿಸುತ್ತಾರೆ. ಚರ್ಮದ ಮೆದುತನ ಬರುವುದು ಆ ಹಂತದಲ್ಲಿ. ನಂತರ ಒಣಗಿಸಿ, ಮೇಲೆ ಬಣ್ಣದ ಪದರ, ಅದರ ಮೇಲೆ ಪಾಲಿಯುರೆಥೇನ್‌ನ ಪಾರದರ್ಶಕ ಪ್ಲಾಸ್ಟಿಕ್ ಪದರ. ಚರ್ಮದ ದಪ್ಪ ಸುಮಾರು ಒಂದು ಮಿಲಿಮೀಟರಿನ ಆಸುಪಾಸು, ಲೇಪ ಅದರ ಸಣ್ಣ ಅಂಶ. ಯುರೋಪಿನ ಇಎನ್ 15987 ಮಾನದಂಡದ ಪ್ರಕಾರ ಲೇಪ 0.15 ಮಿಲಿಮೀಟರ್ ಮೀರಿದರೆ ಅದನ್ನು ಬರೀ 'ಚರ್ಮ' ಎಂದು ಕರೆಯುವಂತಿಲ್ಲ, 'ಲೇಪಿತ ಚರ್ಮ' ಎನ್ನಬೇಕು. ನಾವು ಕಣ್ಣಿಂದ ನೋಡುವುದು, ಕೈಯಿಂದ ಮುಟ್ಟುವುದು, ಬಟ್ಟೆಯಿಂದ ಒರೆಸುವುದು ಈ ಲೇಪವನ್ನೇ. ಬಣ್ಣ ಬಳಿದ ಬಾಗಿಲಿಗೆ ಎಣ್ಣೆ ಸವರಿದರೆ ಒಳಗಿನ ಮರಕ್ಕೆ ಎಷ್ಟು ಇಳಿದೀತು? ಸೀಟಿಗೆ ಕಂಡೀಷನರ್ ಹಚ್ಚಿದರೂ ಅಷ್ಟೇ.

ಹಾಗಾದರೆ 'ಚರ್ಮಕ್ಕೆ ಆಹಾರ ಕೊಡಿ' ಎಂದು ಕ್ರೀಮು ಮಾರುವವರು ಹೇಳುವ ಮಾತು ಬಂದಿದ್ದೆಲ್ಲಿಂದ? ಹಳೆಯ ಕಾಲದ ಕಾರುಗಳಿಂದ. 1878ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಾನಲಿ ಎಂಬ ಸಂಸ್ಥೆ ಮುಂದೆ ರೋಲ್ಸ್ ರಾಯ್ಸ್, ಜಾಗ್ವಾರ್ ಕಾರುಗಳಿಗೆ ಚರ್ಮ ಒದಗಿಸುತ್ತಿತ್ತು. ಅವರೇ ಮಾರುತ್ತಿದ್ದ ಕ್ರೀಮಿನ ಹೆಸರು 'ಹೈಡ್ ಫುಡ್', ಅಂದರೆ ಚರ್ಮದ ಆಹಾರ. ಅಂದಿನ ಸೀಟುಗಳ ಮಟ್ಟಿಗೆ ಆ ಕ್ರೀಮಿಗೆ ಕೆಲಸವಿತ್ತು. ಇವತ್ತಿನ ಪಾಲಿಯುರೆಥೇನ್ ಪದರದ ಸೀಟಿಗೂ ಅದೇ ಮಾತನ್ನು ಹೇಳಿ ಮಾರುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಸೀಟು ಯಾವ ಜಾತಿಯದು ಎಂದು ತಿಳಿಯಲು ಮರೆಯಾದ ಒಂದು ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ನಿಂತರೆ ಲೇಪವಿರುವ ಚರ್ಮ. ನಿಧಾನವಾಗಿ ಹೀರಿಕೊಂಡು ಆ ಜಾಗ ಕಪ್ಪಾದರೆ ಅನಿಲಿನ್ ಎಂದು ಕರೆಯುವ, ಲೇಪವಿಲ್ಲದ ಅಥವಾ ತೀರಾ ತೆಳು ಲೇಪದ ಚರ್ಮ. ಅದು ದುಬಾರಿ ಕಾರುಗಳಲ್ಲಿ, ಅದೂ ಅಪರೂಪಕ್ಕೆ ಸಿಗುತ್ತದೆ. ಅದರ ಆರೈಕೆಯೇ ಬೇರೆ, ಈ ಬರಹ ಅದಕ್ಕಲ್ಲ. ಇನ್ನೊಂದು ಮಾತು: 'ಲೆದರ್ ಸೀಟು' ಎಂದು ಕೊಂಡ ಕಾರಿನಲ್ಲಿ ಮೈ ತಾಗುವ ಜಾಗ ಮಾತ್ರ ಚರ್ಮವಾಗಿದ್ದು, ಪಕ್ಕ ಮತ್ತು ಬೆನ್ನ ಹಿಂಭಾಗ ವಿನೈಲ್ ಎಂಬ ಕೃತಕ ಚರ್ಮ ಆಗಿರುವುದು ತುಂಬಾ ಸಾಮಾನ್ಯ. ಮರ್ಸಿಡಿಸ್‌ನ ಎಂಬಿ-ಟೆಕ್ಸ್, ಬಿಎಂಡಬ್ಲ್ಯೂದ ಸೆನ್ಸಾಟೆಕ್, ಟೊಯೊಟಾದ ಸಾಫ್ಟೆಕ್ಸ್ ಇವೆಲ್ಲ ಪೂರ್ತಿ ಕೃತಕವೇ. ಇವುಗಳಿಗೂ ಈ ಕ್ಲೀನರ್ ಚೆನ್ನಾಗಿ ನಡೆಯುತ್ತದೆ. ಕ್ರೀಮು ಹಚ್ಚಿ 'ಚರ್ಮಕ್ಕೆ ತೇವಾಂಶ' ಕೊಡುವ ಪ್ರಯತ್ನಕ್ಕೆ ಇಲ್ಲಿ ಅರ್ಥವೇ ಇಲ್ಲ, ತೇವ ಕುಡಿಯಲು ಅಲ್ಲಿ ಚರ್ಮವೇ ಇಲ್ಲ. ಅಲ್ಕಾಂಟರಾ ಇದ್ದರೆ ಕ್ಲೀನರ್, ಕ್ರೀಮು ಎರಡನ್ನೂ ಮುಟ್ಟಿಸಬೇಡಿ. ಅದು ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನಿನ ಬಟ್ಟೆ, ಕ್ರೀಮು ಬಿದ್ದರೆ ಅದರ ಮೃದುವಾದ ರೋಮವೆಲ್ಲ ಅಂಟಿಕೊಂಡು ಕೂರುತ್ತದೆ.

ಈಗ ಕ್ಲೀನರ್ ವಿಷಯಕ್ಕೆ ಬರುತ್ತೇನೆ.

ಮೈಲ್ಡ್ ಕ್ಲೀನರ್ ನೀರಿನಂತೆಯೇ ತೆಳ್ಳಗಿದೆ. ಬಾಟಲಿಯ ತಲೆ ಒತ್ತಿದರೆ ನೊರೆಯಾಗಿ ಹೊರಬರುತ್ತದೆ. ಈ ನೊರೆ ಅನ್ನುವುದು ಬರೀ ತೋರಿಕೆಗಲ್ಲ, ಅದರಲ್ಲಿ ಒಂದು ಲೆಕ್ಕಾಚಾರವಿದೆ. ದ್ರವವನ್ನು ಹಾಗೇ ಸಿಂಪಡಿಸಿದರೆ ಅದು ಹೊಲಿಗೆಯ ರಂಧ್ರಗಳಿಗೆ, ಸೀಟಿನ ಸಂದಿಗೆ ಹರಿದು ಒಳಗಿನ ಸ್ಪಂಜಿಗೆ ಇಳಿಯುತ್ತದೆ. ಸೀಟಿನ ಒಳಗೆ ಬಿಸಿ ಮಾಡುವ ತಂತಿ, ಕೂತಿದ್ದಾರೋ ಇಲ್ಲವೋ ಎಂದು ಗುರುತಿಸುವ ಸೆನ್ಸರ್, ಪಕ್ಕದ ಏರ್‌ಬ್ಯಾಗಿನ ಸಂಪರ್ಕ ಎಲ್ಲ ಇರುತ್ತವೆ. ನೊರೆ ಮೇಲೆಯೇ ನಿಲ್ಲುತ್ತದೆ. ಕೊಳೆಯನ್ನು ಎತ್ತಿಕೊಂಡು ಅಲ್ಲೇ ಕಾಯುತ್ತದೆ, ನಾವು ಒರೆಸುವ ತನಕ.

ನಾನು ಮಾಡುವ ಕ್ರಮ ಹೀಗಿದೆ. ಮೊದಲು ವ್ಯಾಕ್ಯೂಮ್ ಹಿಡಿದು ಸಂದಿ, ಹೊಲಿಗೆ, ಬೆನ್ನು ಮತ್ತು ಕೂರುವ ಭಾಗ ಸೇರುವ ಕಣಿವೆ ಎಲ್ಲ ಚೆನ್ನಾಗಿ ಎಳೆಯುತ್ತೇನೆ. ಇದನ್ನು ಬಿಟ್ಟು ನೇರವಾಗಿ ಬ್ರಷ್ ಹಿಡಿದರೆ ಮರಳನ್ನೇ ಚರ್ಮದ ಮೇಲೆ ಉಜ್ಜಿದಂತಾಗುತ್ತದೆ. ಕಾರು ನೆರಳಿನಲ್ಲಿರಬೇಕು, ಸೀಟು ತಣ್ಣಗಿರಬೇಕು. ಬಿಸಿ ಸೀಟಿನ ಮೇಲೆ ನೊರೆ ಕೊಳೆಯ ಸಮೇತ ಒಣಗಿ ಕಲೆ ಕೂರಿಸುತ್ತದೆ. ನೊರೆಯನ್ನು ಸೀಟಿಗಲ್ಲ, ಬ್ರಷ್ಷಿಗೆ ಹಾಕಿಕೊಳ್ಳುತ್ತೇನೆ. ಒಮ್ಮೆಗೆ ಎರಡು ಅಂಗೈ ಅಗಲದ ಜಾಗ, ಅದಕ್ಕಿಂತ ಹೆಚ್ಚು ಬೇಡ.

ಬ್ರಷ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಎಳೆಗಳು ತೆಳ್ಳಗೆ, ಒತ್ತೊತ್ತಾಗಿ, ಮೆತ್ತಗಿವೆ. ಕೆನ್ನೆಗೆ ಉಜ್ಜಿಕೊಂಡರೂ ಚುಚ್ಚುವುದಿಲ್ಲ, ಆದರೆ ಚರ್ಮದ ಗೆರೆಯ ತಳಕ್ಕೆ ಇಳಿಯುವಷ್ಟು ಗಟ್ಟಿತನವಿದೆ. ಬರೀ ಬಟ್ಟೆ ಈ ಕೆಲಸ ಮಾಡಲಾರದು. ಬಟ್ಟೆ ಗೆರೆಗಳ ನೆತ್ತಿಯ ಮೇಲೆ ಜಾರಿಕೊಂಡು ಹೋಗುತ್ತದೆ, ತಗ್ಗಿನ ಕೊಳೆ ತಗ್ಗಿನಲ್ಲೇ ಉಳಿಯುತ್ತದೆ. ಒರೆಸಿದ ಬಟ್ಟೆ ಸ್ವಚ್ಛವಾಗಿಯೇ ಬಂತು ಎಂದು ಸಮಾಧಾನಪಡುವವರಿಗೆ ನನ್ನ ಸಲಹೆ ಇಷ್ಟೇ: ಅದೇ ಜಾಗಕ್ಕೆ ಒಮ್ಮೆ ಬ್ರಷ್ ಹಾಕಿ ನೋಡಿ.

ಡ್ರೈವರ್ ಸೀಟಿನ ಉಬ್ಬಿನ ಮೇಲೆ ಬ್ರಷ್ ಇಟ್ಟು ಒತ್ತದೆ, ಭಾರ ಬಿಡದೆ ಸಣ್ಣ ಸಣ್ಣ ವೃತ್ತಗಳಲ್ಲಿ ತಿರುಗಿಸಿದೆ. ಬೆಳ್ಳಗಿದ್ದ ನೊರೆ ಮೊದಲು ಮಾಸಲು ಹಳದಿ, ಆಮೇಲೆ ಕಂದು, ಆಮೇಲೆ ಮಣ್ಣಿನ ನೀರಿನ ಬಣ್ಣ. ಬ್ರಷ್ಷಿನ ಅಂಚಿನಲ್ಲಿ ಕೊಳೆ ಸಣ್ಣ ಎಳೆಗಳಾಗಿ ಸೇರುತ್ತಾ ಬಂತು. ತಕ್ಷಣ ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದೆ. ಬಟ್ಟೆಯ ಮೇಲೆ ಬ್ರಷ್ಷಿನ ದಾರಿಯೇ ಕಂದು ಪಟ್ಟಿಯಾಗಿ ಮೂಡಿತು. ಒಣಬಟ್ಟೆಯಿಂದ ಇನ್ನೊಮ್ಮೆ ಒತ್ತಿ ತೆಗೆದ ಮೇಲೆ ಆ ಎರಡಂಗೈ ಜಾಗ ಹೊಳಪು ಕಳೆದುಕೊಂಡು ಮಂದವಾಗಿತ್ತು. ಚರ್ಮದ ಗೆರೆಗಳು ಒಂದೊಂದೂ ಬಿಡಿಬಿಡಿಯಾಗಿ ಎದ್ದು ಕಾಣುತ್ತಿದ್ದವು. ಪಕ್ಕದಲ್ಲೇ ಇನ್ನೂ ಮುಟ್ಟದ ಭಾಗ, ಎರಡರ ನಡುವೆ ಗೀಟು ಎಳೆದಂಥ ಗಡಿ. ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದ ತಮ್ಮ ಬಗ್ಗಿ ನೋಡಿ "ಅಣ್ಣಾ, ಈ ಸೀಟಿನ ಬಣ್ಣವೇ ಹಾಗೆ ಅಂದುಕೊಂಡಿದ್ದೆನಲ್ಲೋ" ಅಂದ. ನನಗೆ ಕೈ ನಿಲ್ಲಿಸುವ ಮನಸ್ಸೇ ಬರಲಿಲ್ಲ.

ಕೈಯಿಂದ ಮುಟ್ಟಿದರೂ ವ್ಯತ್ಯಾಸ ತಿಳಿಯುತ್ತದೆ. ಕೊಳೆ ಇದ್ದಾಗ ಬೆರಳು ಸ್ವಲ್ಪ ಅಂಟಿಕೊಂಡಂತೆ ಜಾರುತ್ತಿತ್ತು. ಸ್ವಚ್ಛವಾದ ಮೇಲೆ ಒಣ, ಮೃದು, ತುಸು ತರಿತರಿ. ಎಷ್ಟೋ ಜನ ಈ ಒಣ ಅನುಭವವನ್ನು ನೋಡಿ "ಅಯ್ಯೋ ಚರ್ಮ ಒಣಗಿಹೋಯಿತು" ಎಂದು ಗಾಬರಿಯಾಗಿ ಕ್ರೀಮಿಗೆ ಕೈ ಹಾಕುತ್ತಾರೆ. ಗಾಬರಿ ಬೇಡ. ಕಾರ್ಖಾನೆಯಿಂದ ಬಂದಾಗ ಆ ಚರ್ಮ ಇದ್ದದ್ದೇ ಹೀಗೆ.

ಹೆಡ್‌ರೆಸ್ಟ್ ಮತ್ತು ಸ್ಟೀರಿಂಗಿಗೆ ಎರಡು ಸುತ್ತು ಬೇಕಾಯಿತು, ಜಿಡ್ಡು ಅಲ್ಲಿ ಹೆಚ್ಚು ಹಳೆಯದು. ಸ್ಟೀರಿಂಗಿನ ಚರ್ಮವನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಇಡೀ ಕಾರಿನಲ್ಲಿ ಅತಿ ಹೆಚ್ಚು ಹೊತ್ತು ಬರಿಗೈ ತಾಗುವ ಚರ್ಮ ಅದೊಂದೇ. ಸ್ವಚ್ಛ ಮಾಡಿದ ಮೇಲೆ ಹಿಡಿತ ಹೇಗೆ ಬದಲಾಗುತ್ತದೆ ಎಂಬುದನ್ನು ಅನುಭವಿಸಿಯೇ ತಿಳಿಯಬೇಕು. ಅದಕ್ಕೆ ಜಾರುವಂಥ ಯಾವುದನ್ನೂ ಹಚ್ಚುವುದಿಲ್ಲ, ಅದು ಸುರಕ್ಷತೆಯ ಪ್ರಶ್ನೆ.

ತೂತುಗಳಿರುವ ಸೀಟಿನವರಿಗೆ ಒಂದು ಎಚ್ಚರಿಕೆ. ಗಾಳಿಯಾಡುವ ಸೀಟುಗಳಲ್ಲಿ ಆ ಸಣ್ಣ ತೂತುಗಳ ಮೂಲಕವೇ ಒಳಗಿನ ಫ್ಯಾನ್ ಗಾಳಿ ಓಡಿಸುತ್ತದೆ. ಅಲ್ಲಿ ನೊರೆಯನ್ನು ಬ್ರಷ್ಷಿಗಿಂತ ಬಟ್ಟೆಗೆ ಹಾಕಿಕೊಂಡು, ಕಡಿಮೆ ತೇವದಲ್ಲಿ, ಬೇಗ ಬೇಗ ಮುಗಿಸಬೇಕು. ಕ್ರೀಮಿನ ವಿಷಯದಲ್ಲಂತೂ ಇನ್ನೂ ಕೈಬಿಗಿ. ತೂತಿನಲ್ಲಿ ಸೇರಿದ ಕ್ರೀಮು ಬೆಳ್ಳಗೆ ಒಣಗಿ ಕೂತರೆ ಮರದ ಕಡ್ಡಿ ಹಿಡಿದು ಒಂದೊಂದಾಗಿ ತೆಗೆಯಬೇಕು.

ಇನ್ನು ಕೂರುವ ಜಾಗದ ನೀಲಿ ಛಾಯೆ. ಅದು ಜೀನ್ಸಿನ ಇಂಡಿಗೊ ಬಣ್ಣ. ಇಂಡಿಗೊ ನೂಲಿನ ಮೇಲ್ಮೈಯಲ್ಲಷ್ಟೇ ಕೂರುತ್ತದೆ, ಒಳಕ್ಕೆ ಪೂರ್ತಿ ಇಳಿಯುವುದಿಲ್ಲ. ಅದಕ್ಕೇ ಜೀನ್ಸ್ ಉಜ್ಜಿದಲ್ಲೆಲ್ಲ ಬಣ್ಣ ಬಿಡುತ್ತದೆ. ಬೆವರು, ಬಿಸಿ, ಒತ್ತಡ ಸೇರಿದರೆ ತಿಳಿಬಣ್ಣದ ಸೀಟಿಗೆ ಹತ್ತಿಕೊಳ್ಳುತ್ತದೆ. ಮೈಲ್ಡ್ ಕ್ಲೀನರ್ ಇದನ್ನು ಮಸುಕು ಮಾಡಿತು. ಪೂರ್ತಿ ಹೋಗಿಸಿದ್ದು ಅವರದೇ ಸ್ಟ್ರಾಂಗ್ ಕ್ಲೀನರ್. ಅದನ್ನು ಮೊದಲು ಸೀಟಿನ ಕೆಳಗಿನ ಮರೆಯಾದ ಪಟ್ಟಿಯಲ್ಲಿ ಪರೀಕ್ಷಿಸಿ, ಬಿಳಿ ಬಟ್ಟೆಗೆ ಸೀಟಿನ ಬಣ್ಣ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿದೆ. ಕಲೆ ಇದ್ದ ಜಾಗಕ್ಕೆ ಮಾತ್ರ ಬಳಸಿದೆ, ಇಡೀ ಸೀಟಿಗಲ್ಲ. ಬಣ್ಣ ಹತ್ತಿದ ತಕ್ಷಣ ತೆಗೆದರೆ ಸುಲಭ. ತಿಂಗಳುಗಟ್ಟಲೆ ಬಿಟ್ಟರೆ ಅದು ಲೇಪದೊಳಗೇ ಇಳಿಯಬಹುದು, ಹಾಗಾದರೆ ಯಾವ ಕ್ಲೀನರೂ ತೆಗೆಯಲಾರದು. ಬಾಲ್‌ಪೆನ್ನಿನ ಗೀಟಿನದೂ ಇದೇ ಕಥೆ.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಕಲೆ ತೆಗೆಯಲು ಮನೆಯಲ್ಲಿ ಬಳಸುವ ಬಿಳಿಯ 'ಮ್ಯಾಜಿಕ್' ಸ್ಪಂಜನ್ನು ದಯವಿಟ್ಟು ಸೀಟಿಗೆ ಹಿಡಿಯಬೇಡಿ. ಅದು ಮೆಲಮೈನ್ ಫೋಮ್. ಮುಟ್ಟಿದರೆ ಮೆತ್ತಗಿದ್ದರೂ ಕೆಲಸದಲ್ಲಿ ಅತಿ ನಯವಾದ ಉಪ್ಪುಕಾಗದವೇ. ಅದು ಕಲೆಯ ಜೊತೆ ಪಾಲಿಯುರೆಥೇನ್ ಪದರವನ್ನೂ ಸವೆಸುತ್ತದೆ. ಮೊದಲ ಸಲ ಅದ್ಭುತವಾಗಿ ಕಾಣುತ್ತದೆ. ರಕ್ಷಣೆಯ ಪದರ ಹೋದ ಜಾಗದಲ್ಲಿ ಮುಂದಿನ ಕೊಳೆ ಇಮ್ಮಡಿ ವೇಗದಲ್ಲಿ ಕೂರುತ್ತದೆ.

ಪಾತ್ರೆ ಸೋಪು, ಬಟ್ಟೆ ಸೋಪು, ಎಲ್ಲದಕ್ಕೂ ನಡೆಯುತ್ತದೆ ಎಂದು ಮಾರುವ ಕಟುವಾದ ಕ್ಲೀನರುಗಳು ಕೂಡ ಬೇಡ. ಹದ ಮಾಡಿದ ಚರ್ಮ ಸ್ವಭಾವತಃ ಸ್ವಲ್ಪ ಆಮ್ಲೀಯ. ಸಾಮಾನ್ಯ ಬಾರ್ ಸೋಪಿನ ಪಿಎಚ್ 9ರಿಂದ 10ರ ತನಕ ಇರುತ್ತದೆ, ಅಂದರೆ ಆಮ್ಲಕ್ಕೆ ತದ್ವಿರುದ್ಧವಾದ ಕ್ಷಾರೀಯ ಗುಣ, ಕೆಲವು ಎಂಜಿನ್ ಕ್ಲೀನರುಗಳದ್ದು ಇನ್ನೂ ಹೆಚ್ಚು. ಲೇಪ ಗಟ್ಟಿಯಿದ್ದರೆ ಒಂದೆರಡು ಸಲ ತಡೆದುಕೊಂಡೀತು. ಸಣ್ಣ ಬಿರುಕಿದ್ದರೆ ಅದರ ಮೂಲಕ ಒಳಗಿಳಿದು ಚರ್ಮವನ್ನೇ ಕೆಡಿಸುತ್ತದೆ. ಕುದುರೆ ಜೀನಿಗೆ ಬಳಸುವ ಸ್ಯಾಡಲ್ ಸೋಪನ್ನೂ ಕೆಲವರು ಶಿಫಾರಸು ಮಾಡುತ್ತಾರೆ. ಅದು ಹುಟ್ಟಿದ್ದು ಮರದ ತೊಗಟೆಯಿಂದ ಹದ ಮಾಡಿದ, ಲೇಪವಿಲ್ಲದ ದಪ್ಪ ಚರ್ಮಕ್ಕಾಗಿ. ಕಾರಿನ ಸೀಟಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಲೆದರ್ ಪ್ರೊಟೆಕ್ಟರ್. ಹಾಲಿನಂಥ ಬಿಳಿ ದ್ರವ. ಮೂರು ವರ್ಷದೊಳಗಿನ ಚರ್ಮಕ್ಕೆ ಲೆದರ್ ಶೀಲ್ಡ್, ಅದಕ್ಕಿಂತ ಹಳೆಯದಕ್ಕೆ ಪ್ರೊಟೆಕ್ಟರ್ ಎಂದು ಕಂಪನಿಯೇ ವಿಂಗಡಿಸಿದೆ. ನನ್ನದು ಹಳೆಯದಾದ್ದರಿಂದ ಪ್ರೊಟೆಕ್ಟರ್ ತಂದೆ. ಈ ವಿಂಗಡಣೆಯನ್ನು ನಾನು ಮೆಚ್ಚುತ್ತೇನೆ. ಹೊಸ ಚರ್ಮದೊಳಗೆ ಕಾರ್ಖಾನೆಯ ಎಣ್ಣೆ ಹಾಗೇ ಇದೆ, ಅದಕ್ಕೆ ಬೇಕಿರುವುದು ಉಜ್ಜುವಿಕೆಯಿಂದ ಮತ್ತು ಬಣ್ಣ ಹತ್ತುವುದರಿಂದ ಕಾಪಾಡುವ ಪದರ. ಹಳೆಯದರಲ್ಲಿ ಲೇಪ ಅಲ್ಲಲ್ಲಿ ತೆಳುವಾಗಿರುತ್ತದೆ, ಮಡಿಕೆಗಳಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ, ಆರೈಕೆಯ ದ್ರವ ಅಷ್ಟಿಷ್ಟು ಒಳಗಿಳಿಯಲು ದಾರಿ ಇರುತ್ತದೆ. ಎಲ್ಲ ವಯಸ್ಸಿನ ಚರ್ಮಕ್ಕೂ ಒಂದೇ ಬಾಟಲಿ ಮಾರುವವರಿಗಿಂತ ಇದು ಹೆಚ್ಚು ಪ್ರಾಮಾಣಿಕ ಎನಿಸಿತು.

ಹಚ್ಚುವುದು ಸುಲಭ. ಮೆತ್ತನೆಯ ಬಟ್ಟೆಗೆ ಸ್ವಲ್ಪ ಹಾಕಿಕೊಂಡು ತೆಳುವಾಗಿ ಸವರಿ, ಕೆಲ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಒರೆಸಿಬಿಡುವುದು. ಹೊಳಪು ಬರಲಿಲ್ಲ, ಬರಬಾರದು ಕೂಡ. ಬೆರಳಿಗೆ ಅಂಟಲಿಲ್ಲ, ಬಟ್ಟೆಗೂ ಹತ್ತಲಿಲ್ಲ. ತಿರುವಿನಲ್ಲಿ ಮೈ ವಾಲಿದಾಗ ಉಬ್ಬು ಮತ್ತು ಕೂರುವ ಭಾಗ ಉಜ್ಜಿಕೊಂಡು ಬರುತ್ತಿದ್ದ ಕಿರ್ರೆನ್ನುವ ಸದ್ದು ಕಡಿಮೆಯಾಯಿತು. ಮುಖ್ಯ ಲಾಭ ಗೊತ್ತಾಗಿದ್ದು ಮುಂದಿನ ಸಲ ಸ್ವಚ್ಛ ಮಾಡುವಾಗ. ಕೊಳೆ ಪದರದ ಮೇಲೆ ಕೂತಿತ್ತು, ಬ್ರಷ್ ಬೇಡದೆ ಒದ್ದೆ ಬಟ್ಟೆಗೇ ಬಹುಪಾಲು ಬಂದುಬಿಟ್ಟಿತು. ನನ್ನ ಪ್ರಕಾರ ಕ್ರೀಮಿನ ನಿಜವಾದ ಕೆಲಸ ಇದೇ: ಮುಂದಿನ ಕೊಳೆಗೂ ಲೇಪಕ್ಕೂ ನಡುವೆ ಒಂದು ತೆಳು ಪರದೆ. ಸೀಟು ಹತ್ತಿಯಂತೆ ಮೆತ್ತಗಾಗುತ್ತದೆ, ಬಿರುಕು ಕೂಡಿಕೊಳ್ಳುತ್ತದೆ ಎಂದು ನಿರೀಕ್ಷಿಸಿ ಕೊಳ್ಳುವವರಿಗೆ ಅದು ಸಿಗುವುದಿಲ್ಲ. ಅದು ಈ ಬಾಟಲಿಯ ಕೊರತೆಯಲ್ಲ, ಲೇಪವಿರುವ ಚರ್ಮದ ಸ್ವಭಾವ.

ಕೊಳೆಯ ಮೇಲೆ ಕ್ರೀಮು ಹಚ್ಚುವುದಂತೂ ಬೇಡವೇ ಬೇಡ. ನನ್ನ ಕಾರಿನ ಹಿಂದಿನ ಮಾಲೀಕರು ಅದನ್ನೇ ಮಾಡಿದ್ದರು ಅನ್ನುವುದು ಬ್ರಷ್ಷಿನ ಮೊದಲ ಸುತ್ತಿನಲ್ಲೇ ತಿಳಿಯಿತು. ನೊರೆ ಏಳುವ ಮೊದಲು ಒಂದು ಜಾರುವ, ಸಿಲಿಕೋನ್‌ನಂಥ ಪದರ ಬಿಟ್ಟುಕೊಂಡು ಬಂತು. ಡ್ಯಾಶ್‌ಬೋರ್ಡಿಗೂ ಟೈರಿಗೂ ಸೀಟಿಗೂ ಒಂದೇ ಎಂದು ಮಾರುವ ಹೊಳಪಿನ ದ್ರವಗಳಲ್ಲಿ ಬಹುಪಾಲು ಸಿಲಿಕೋನ್ ಎಣ್ಣೆಯೇ ಇರುತ್ತದೆ. ಹಚ್ಚಿದ ದಿನ ಫೋಟೊಗೆ ಚೆನ್ನಾಗಿ ಬರುತ್ತದೆ. ಆಮೇಲೆ ದೂಳು ಹಿಡಿಯುತ್ತದೆ, ಕೂತವರು ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುತ್ತಾರೆ. ಮುಂದೊಂದು ದಿನ ಸೀಟಿಗೆ ಮತ್ತೆ ಬಣ್ಣ ಹಾಕಿಸಬೇಕಾದರೆ ಆ ಸಿಲಿಕೋನಿನ ಮೇಲೆ ಬಣ್ಣ ಕೂರುವುದೇ ಇಲ್ಲ. ಅಡುಗೆಮನೆಯ ಎಣ್ಣೆಗಳ ಬಗ್ಗೆ ಕೂಡ ಕೇಳುತ್ತಾರೆ. ಅವು ಗಾಳಿಗೆ ತೆರೆದುಕೊಂಡು ಕಮಟು ವಾಸನೆ ಹಿಡಿಯುತ್ತವೆ, ಅಂಟಾಗುತ್ತವೆ. ಬೂಟಿಗೆ ಹಾಕುವ ಮಿಂಕ್ ಎಣ್ಣೆ, ನೀಟ್ಸ್‌ಫುಟ್ ಎಣ್ಣೆಗಳು ತಿಳಿಬಣ್ಣವನ್ನು ಕಪ್ಪಾಗಿಸುತ್ತವೆ.

ಎಷ್ಟು ಸಲ ಮಾಡಬೇಕು? ದಿನನಿತ್ಯ ಓಡುವ, ತಿಳಿಬಣ್ಣದ ಸೀಟಿನ ಕಾರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ನೊರೆ, ಬ್ರಷ್, ತೆಳು ಕ್ರೀಮು. ಕಪ್ಪು ಸೀಟಿಗೆ ಕೊಳೆ ಕಾಣುವುದಿಲ್ಲ, ಇರುವುದಿಲ್ಲ ಎಂದಲ್ಲ. ಹಾಗಾಗಿ ಅದಕ್ಕೂ ಅದೇ ಲೆಕ್ಕ. ನಡುವೆ ವಾರಕ್ಕೊಮ್ಮೆ ಹಿಂಡಿದ ಒದ್ದೆ ಬಟ್ಟೆಯಿಂದ ಡ್ರೈವರ್ ಸೀಟು, ಸ್ಟೀರಿಂಗ್ ಒರೆಸಿದರೆ ದೊಡ್ಡ ಕೆಲಸ ಹಗುರವಾಗುತ್ತದೆ. ಹಿಂದಿನ ಸೀಟಿಗೆ ವರ್ಷಕ್ಕೊಂದೆರಡು ಬಾರಿ ಸಾಕು, ಮಕ್ಕಳು ಕೂರುವ ಮನೆಯಾದರೆ ಬೇರೆ ಮಾತು. ಮಕ್ಕಳ ಸೀಟು ಕಟ್ಟುವ ಜಾಗದಲ್ಲಿ ಅದರ ಅಂಚು ಚರ್ಮವನ್ನು ಒತ್ತಿ ಹಳ್ಳ ಮಾಡುತ್ತದೆ. ಆ ಹಳ್ಳದಲ್ಲೇ ಮರಳು ಸೇರುವುದರಿಂದ ಆಗಾಗ ಸೀಟು ಬಿಚ್ಚಿ ವ್ಯಾಕ್ಯೂಮ್ ಹಾಕುವುದು ಕ್ರೀಮಿಗಿಂತ ಮುಖ್ಯ. ಬಿಸಿಲಿನಲ್ಲಿ ನಿಲ್ಲಿಸುವಾಗ ಮುಂದಿನ ಗಾಜಿಗೆ ಪರದೆ ಹಾಕುವುದೂ ಅಷ್ಟೇ. ಬಿಸಿ ಮತ್ತು ಅತಿನೇರಳೆ ಕಿರಣ ಮಾಡುವ ಹಾನಿಯ ಮುಂದೆ ಯಾವ ಬಾಟಲಿಯ ರಕ್ಷಣೆಯೂ ಸಣ್ಣದು.

ಈ ಕ್ಲೀನರಿನ ಮಿತಿ ಎಲ್ಲಿದೆ ಎಂಬುದನ್ನೂ ಹೇಳುತ್ತೇನೆ. ನನ್ನ ಉಬ್ಬಿನ ಮೇಲೆ ಬೂದು ಬಣ್ಣವೆಲ್ಲ ಹೋದ ಮೇಲೆ ಹೆಬ್ಬೆರಳಿನಗಲದ ಒಂದು ಜಾಗದಲ್ಲಿ ಬಣ್ಣದ ಪದರವೇ ಸವೆದು ಒಳಗಿನ ನಾರು ಕಾಣುತ್ತಿತ್ತು. ಕೊಳೆ ಅದನ್ನು ಮುಚ್ಚಿಟ್ಟಿತ್ತು. ಇಂಥ ಜಾಗವನ್ನು ಕ್ಲೀನರ್ ಕೆಡಿಸಿದ್ದಲ್ಲ, ತೋರಿಸಿಕೊಟ್ಟಿದ್ದು. ಅಲ್ಲಿ ಬೇಕಿರುವುದು ಮತ್ತೆ ಬಣ್ಣ ಹಾಕುವುದು. ಸ್ವಚ್ಛ ಮಾಡಿ, ಜಿಡ್ಡು ಪೂರ್ತಿ ತೆಗೆದು, ಸೀಟಿನ ಬಣ್ಣಕ್ಕೆ ಹೊಂದಿಸಿದ ನೀರಿನ ಆಧಾರದ ಬಣ್ಣವನ್ನು ಸ್ಪಂಜಿನಿಂದ ತೆಳು ತೆಳುವಾಗಿ ಕೂರಿಸಿ, ಮೇಲೆ ರಕ್ಷಣೆಯ ಪದರ. ಸಣ್ಣ ಜಾಗವಾದರೆ ಮನೆಯಲ್ಲೇ ಮಾಡಬಹುದು. ಬಿರುಕು ಆಳವಿದ್ದರೆ, ಚರ್ಮ ಹರಿದಿದ್ದರೆ ಕೆಲಸ ಬಲ್ಲವರಿಗೆ ಕೊಡಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದ್ದರೆ ಆ ಬದಿಯ ಹೊಲಿಗೆಗೆ ಅಂಟು, ಫಿಲ್ಲರ್ ಏನನ್ನೂ ತಾಗಿಸಬೇಡಿ. ಅಪಘಾತದಲ್ಲಿ ಆ ಹೊಲಿಗೆ ಬಿಚ್ಚಿಕೊಂಡೇ ಏರ್‌ಬ್ಯಾಗ್ ಹೊರಬರಬೇಕು.

ಬೇರೆ ಹೆಸರುಗಳನ್ನು ಕೇಳುವವರಿದ್ದಾರೆ. ಲೆಕ್ಸಾಲ್‌ನ ಕ್ಲೀನರ್ ನನಗೆ ಪರಿಚಯದ್ದೇ, ಅದು ಕೂಡ ಚರ್ಮಕ್ಕೆಂದೇ ಮಾಡಿದ ಸೌಮ್ಯ ಕ್ಲೀನರ್, ಅದನ್ನು ಬಳಸುತ್ತಿರುವವರು ಬದಲಾಯಿಸಬೇಕಾದ ಅಗತ್ಯವಿಲ್ಲ. ಬಾಟಲಿಯ ಮೇಲಿನ ಹೆಸರಿಗಿಂತ ನೋಡಬೇಕಾದದ್ದು ಬೇರೆ: ಚರ್ಮಕ್ಕೆಂದೇ ಮಾಡಿದ್ದಾಗಿರಬೇಕು, ನೀರಿನ ಆಧಾರದ್ದಾಗಿರಬೇಕು, ಒರೆಸಿದ ಮೇಲೆ ಹೊಳಪೂ ಜಾರಿಕೆಯೂ ಉಳಿಯಬಾರದು. ಎರಡೂ ಒಂದರಲ್ಲೇ ಎಂದು ಕ್ಲೀನರ್ ಮತ್ತು ಕಂಡೀಷನರ್ ಸೇರಿಸಿ ಮಾರುವ ಬಾಟಲಿಗಳನ್ನು ನಾನು ದೂರವಿಡುತ್ತೇನೆ. ಕೊಳೆ ಎತ್ತುವುದು ಒಂದು ಕೆಲಸ, ಪದರ ಬಿಡುವುದು ಇನ್ನೊಂದು. ಒಂದೇ ಸಲಕ್ಕೆ ಎರಡನ್ನೂ ಮಾಡಿದರೆ ಅರ್ಧ ಎತ್ತಿದ ಕೊಳೆಯ ಮೇಲೆ ಪದರ ಕೂರುತ್ತದೆ.

ಹೊಸ ಕಾರು ಮನೆಗೆ ಬಂದವರಿಗೆ, ಅದರಲ್ಲೂ ಬಿಳಿ, ಕೆನೆ, ತಿಳಿಬೂದು ಬಣ್ಣದ ಸೀಟು ಆರಿಸಿಕೊಂಡವರಿಗೆ, ಪ್ರೊಟೆಕ್ಟರ್ ಅಲ್ಲ, ಶೀಲ್ಡ್ ತೆಗೆದುಕೊಳ್ಳಿ. ಸೀಟು ಸ್ವಚ್ಛವಾಗಿರುವಾಗಲೇ, ಜೀನ್ಸ್ ಹಾಕಿಕೊಂಡು ಕೂರುವ ಮೊದಲೇ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ. ಕೂರುವ ಜಾಗ ಮತ್ತು ಬಾಗಿಲ ಕಡೆಯ ಉಬ್ಬಿಗೆ ಒಂದು ಸುತ್ತು ಹೆಚ್ಚು ಕೊಡಿ, ಹಿಂದಿನ ಸೀಟಿನ ಬೆನ್ನಿಗೆ ಅಷ್ಟು ಬೇಕಿಲ್ಲ.